ಚೀಟಿ ಇಲ್ಲದ ಆಪರೇಷನ್

2019ರ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದೆ. ಜೋರಾಗಿ ಬಿದ್ದದ್ದೇನಲ್ಲ, ಬೀಳುವಾಗ ಬಲಗೈ ಊರಿಕೊಂಡೆ ಅಷ್ಟೆ. ಮಣಿಕಟ್ಟು ಮುರಿಯಿತು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ ವಯಸ್ಸು ಕೇಳಿದರು. ನಲವತ್ತಾರು ಅಂದೆ. ಮತ್ತೊಂದು ಸಲ ಫಿಲ್ಮ್ ನೋಡಿದರು. ‘ಎಪ್ಪತ್ತು ದಾಟಿದವರ ಮೂಳೆ ಹೀಗಿರುತ್ತಮ್ಮ’ ಅಂದರು. ಆಮೇಲೆ ನರ್ಸನ್ನು ಏನೋ ತರಲು ಆಚೆ ಕಳಿಸಿ, ಬಾಗಿಲು ಮುಂದೆ ಮಾಡಿ, ಆಪರೇಷನ್ ಆಗಿದೆಯಾ, ಯಾವಾಗ ಆಯಿತು, ಏನೇನು ತೆಗೆದಿದ್ದಾರೆ, ಪೇಪರ್ ಇದೆಯಾ ಎಂದು ಒಂದೊಂದಾಗಿ ಕೇಳಿದರು.

ಆಗಿದೆ, 1997ರಲ್ಲಿ ಅಂದೆ. ಏನೇನು ತೆಗೆದರು ಎಂದು ಸರಿಯಾಗಿ ಹೇಳಲು ನನಗೇ ಗೊತ್ತಿರಲಿಲ್ಲ. ಪೇಪರ್ ಇರಲಿಲ್ಲ. ಒಂದು ಚೀಟಿಯೂ ಇರಲಿಲ್ಲ.

ಅವರೇ ಬಿಡಿಸಿ ಹೇಳಿದರು. ವೃಷಣ ತೆಗೆದ ಮೇಲೆ ಗಂಡಿನ ಹಾರ್ಮೋನು ಬಹುಮಟ್ಟಿಗೆ ನಿಂತುಹೋಗುತ್ತದೆ. ಹೆಣ್ಣಿನ ಹಾರ್ಮೋನನ್ನು ಮಾತ್ರೆಯಲ್ಲೋ ಇಂಜೆಕ್ಷನ್ನಿನಲ್ಲೋ ಕೊಡದೆ ಬಿಟ್ಟರೆ ದೇಹಕ್ಕೆ ಅದೂ ಇಲ್ಲ, ಇದೂ ಇಲ್ಲ. ಆಗ ಮೂಳೆ ಒಳಗಿಂದ ಸವೆಯುತ್ತದೆ. ಮುಟ್ಟು ನಿಂತ ಹೆಂಗಸರಿಗೆ ಐವತ್ತರ ನಂತರ ಶುರುವಾಗುವುದು ನನಗೆ ಇಪ್ಪತ್ನಾಲ್ಕಕ್ಕೇ ಶುರುವಾಗಿತ್ತು. ಇಷ್ಟು ಹೇಳಲು ಅವರಿಗೆ ಐದು ನಿಮಿಷವೂ ಹಿಡಿಯಲಿಲ್ಲ. ಆ ಐದು ನಿಮಿಷದ ಮಾತು ನನ್ನನ್ನು ತಲುಪಲು ಇಪ್ಪತ್ತೆರಡು ವರ್ಷ ಬೇಕಾಯಿತು.

ಆಗಿನದನ್ನು ಹೇಳುತ್ತೇನೆ. ನಾನು ಬೆಂಗಳೂರಿಗೆ ಬಂದು ಹಮಾಮ್ ಸೇರಿ ಮೂರು ವರ್ಷವಾಗಿತ್ತು. ಹೊರಗಿನವರ ಪಾಲಿಗೆ ಹಮಾಮ್ ಎಂದರೆ ಬಿಸಿನೀರಿನ ಸ್ನಾನದ ಮನೆ. ನಮಗೆ ಅದು ಮನೆ, ಅಂಗಡಿ, ಮಠ ಎಲ್ಲವೂ. ಗುರುವನ್ನು ಅಮ್ಮ ಅನ್ನುತ್ತಿದ್ದೆವು. ಹಿಜ್ರಾ ಮನೆಗಳಲ್ಲಿ ನಿರ್ವಾಣ ಅಂದರೆ ಈ ಆಪರೇಷನ್ನು. ನಿರ್ವಾಣ ಆದವಳಿಗೆ ಒಂದು ಸ್ಥಾನ, ಆಗದವಳಿಗೆ ಇನ್ನೊಂದು. ಆಗದವಳನ್ನು ಅಕ್ವಾ ಎಂದು ಕರೆದು ಒಂದು ಮೆಟ್ಟಿಲು ಕೆಳಗೇ ಕೂರಿಸುತ್ತಿದ್ದುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನನ್ನು ಯಾರೂ ಬಲವಂತ ಮಾಡಲಿಲ್ಲ. ನನಗೆ ಬೇಕಿತ್ತು. ಹತ್ತನೇ ವಯಸ್ಸಿನಿಂದ ಬೇಕಿತ್ತು. ನಮ್ಮನ್ನು ಹಿಡಿದುಕೊಂಡು ಹೋಗಿ ಕೊಯ್ಯುತ್ತಾರೆ ಎಂಬ ಕಥೆಯನ್ನು ಕೇಳಿ ಬೆಳೆದವರಿಗೆ ಈ ಮಾತು ನಂಬಲು ಕಷ್ಟವಾಗಬಹುದು.

ಬೇಡದವರೂ ಇದ್ದರು, ಈಗಲೂ ಇದ್ದಾರೆ. ಸವದತ್ತಿ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪಂದಿರಲ್ಲಿ ಆಪರೇಷನ್ನಿನ ಸಂಪ್ರದಾಯವೇ ಇಲ್ಲ. ಸೀರೆ ಉಟ್ಟು, ಕೊಡ ಹೊತ್ತು, ದೇವಿಯ ಹೆಸರಿನಲ್ಲೇ ಹೆಣ್ಣಾಗಿ ಬದುಕುತ್ತಾರೆ. ಅವರೇನೂ ನಮಗಿಂತ ಕಡಿಮೆ ಹೆಣ್ಣಲ್ಲ.

ಬೇಕು ಅನ್ನುವವಳಿಗೆ ಆಗ ಎರಡೇ ದಾರಿ ಇದ್ದವು. ಒಂದು, ನಮ್ಮಲ್ಲೇ ನಿರ್ವಾಣ ಮಾಡುವ ದಾಯಮ್ಮನ ಕೈ. ನಮ್ಮ ಅಮ್ಮನಿಗೆ ಆಗಿದ್ದು ಹಾಗೆ, ಅರಿವಳಿಕೆ ಇಲ್ಲದೆ, ದೇವಿಯ ಪಟದ ಮುಂದೆ, ಬೆಳಗಿನ ಜಾವ. ಇನ್ನೊಂದು, ಡಾಕ್ಟರ್ ನಿರ್ವಾಣ. ಆಂಧ್ರದ ಕಡೆ, ತಮಿಳುನಾಡಿನ ಕಡೆ ಕೆಲವು ಊರುಗಳ ಹೆಸರು ನಮ್ಮ ಬಾಯಲ್ಲಿ ಓಡಾಡುತ್ತಿತ್ತು. ರಾತ್ರಿ ಬಸ್ಸಿಗೆ ಹೋದರೆ ಬೆಳಿಗ್ಗೆ ಆಪರೇಷನ್ನು, ಐದನೇ ದಿನಕ್ಕೆ ವಾಪಸು. ಬೆಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಗಳು ಇಷ್ಟೊಂದಿದ್ದು ನಾವು ಯಾಕೆ ಗಡಿ ದಾಟಿ ಹೋಗಬೇಕಿತ್ತು? ಆಗಿನ ಭಾರತೀಯ ದಂಡ ಸಂಹಿತೆಯ 320ನೇ ಕಲಂ ಪ್ರಕಾರ ಪುರುಷತ್ವ ಹರಣ ಘೋರ ಗಾಯಗಳ ಪಟ್ಟಿಯಲ್ಲಿ ಮೊಟ್ಟಮೊದಲನೆಯದಾಗಿತ್ತು. ಆ ಪಟ್ಟಿಯನ್ನು ಬರೆದವರ ಮನಸ್ಸಿನಲ್ಲಿದ್ದದ್ದು ಹಲ್ಲೆ, ಕೇಳಿ ಮಾಡಿಸಿಕೊಳ್ಳುವ ಚಿಕಿತ್ಸೆಯಲ್ಲ. ಆದರೆ ಡಾಕ್ಟರುಗಳಿಗೆ ಪೊಲೀಸ್ ಕೇಸಿನ ಭಯ. ಆ ಭಯ ಸುಳ್ಳು, ಒಪ್ಪಿ ಮಾಡಿಸಿಕೊಳ್ಳುವ ಚಿಕಿತ್ಸೆ ಅಪರಾಧವಲ್ಲ ಎಂದು ಸರ್ಕಾರವಾಗಲಿ, ವೈದ್ಯಕೀಯ ಪರಿಷತ್ತಾಗಲಿ ಆಗ ಅವರಿಗೆ ಬಾಯಿಬಿಟ್ಟು ಹೇಳಿದ್ದಿಲ್ಲ. ಧೈರ್ಯವಿದ್ದ ಪ್ಲಾಸ್ಟಿಕ್ ಸರ್ಜನ್ನರು ಮುಂಬೈ, ದೆಹಲಿಯಲ್ಲಿ ಒಬ್ಬಿಬ್ಬರಿದ್ದರೂ ಅವರ ಫೀಸು ನಮ್ಮ ಕೈಗೆ ಎಟುಕುವಂಥದ್ದಲ್ಲ.

ನನಗೆ ಆದ ಖರ್ಚು 12 ಸಾವಿರ ರೂಪಾಯಿ. ಎರಡು ವರ್ಷ ಕೂಡಿಟ್ಟದ್ದು. ಜೊತೆಗೆ ಬಂದವಳು ನನ್ನದೇ ಗುರುವಿನ ಇನ್ನೊಬ್ಬ ಚೇಲಾ, ನಾನು ಅಕ್ಕ ಅನ್ನುತ್ತಿದ್ದವಳು. ಆ ನರ್ಸಿಂಗ್ ಹೋಮಿನ ಹೆಸರು ಹೇಳುವುದಿಲ್ಲ, ಈಗ ಇದೆಯೋ ಇಲ್ಲವೋ. ಕಾಂಪೌಂಡರೇ ದುಡ್ಡು ಎಣಿಸಿಕೊಂಡ. ಹೆಸರು ಬರೆದುಕೊಂಡ ನೆನಪಿಲ್ಲ. ರಕ್ತ ಪರೀಕ್ಷೆ ಮಾಡಲಿಲ್ಲ, ಬಿಪಿ ನೋಡಲಿಲ್ಲ. ಸಹಿ ಹಾಕಿಸಿಕೊಳ್ಳಲಿಲ್ಲ. ಡಾಕ್ಟರು ನನ್ನ ಮುಖ ನೋಡಿದ್ದು ಟೇಬಲ್ಲಿನ ಮೇಲೆ ಮಲಗಿದ ನಂತರವೇ. ಬೆನ್ನಿಗೆ ಸೂಜಿ ಕೊಟ್ಟರು. ಸೊಂಟದ ಕೆಳಗೆ ಮರಗಟ್ಟಿತು, ಕಿವಿ ಮಾತ್ರ ಎಚ್ಚರವಾಗಿತ್ತು. ಕತ್ತರಿ ಟ್ರೇಗೆ ಬೀಳುವ ಸದ್ದು, ಹೊರಗೆ ಯಾರೋ ರೇಡಿಯೋ ಹಾಕಿದ್ದು, ಎರಡೂ ಕೇಳುತ್ತಿತ್ತು. ಅರ್ಧ ಗಂಟೆಯಲ್ಲಿ ಮುಗಿಯಿತು. ಮೂತ್ರಕ್ಕೆ ಟ್ಯೂಬು ಹಾಕಿದರು. ನಾಲ್ಕನೇ ದಿನ ಅದನ್ನು ಕಿತ್ತು, ಒಂದು ಕವರಿನಲ್ಲಿ ಮಾತ್ರೆ ಕಟ್ಟಿಕೊಟ್ಟು, ಐದನೇ ದಿನ ಬೆಳಿಗ್ಗೆ ಕೋಣೆ ಖಾಲಿ ಮಾಡಿ ಅಂದರು. ಬಿಲ್ಲು ಕೊಡಲಿಲ್ಲ. ನಾವೂ ಕೇಳಲಿಲ್ಲ. ಕೇಳಬಹುದು ಎಂಬುದೇ ತಲೆಗೆ ಬಂದಿರಲಿಲ್ಲ.

ಆಮೇಲಿನ ಆರೈಕೆಯೆಲ್ಲ ಹಮಾಮಿನದು. ನಲವತ್ತು ದಿನ ಕನ್ನಡಿ ನೋಡುವ ಹಾಗಿಲ್ಲ, ಗಂಡಸರ ಮುಖ ನೋಡುವ ಹಾಗಿಲ್ಲ. ಹಾಲಿಲ್ಲದ ಕರಿ ಟೀ, ಬಿಸಿನೀರು, ಅರಿಶಿನ. ಮೊದಲ ಸಲ ತಾನಾಗಿಯೇ ಒಂದಕ್ಕೆ ಆದಾಗ ಅಮ್ಮ ಹೊರಗೆ ನಿಂತು ಸದ್ದು ಕೇಳಿಸಿಕೊಂಡು ‘ಸರಿಯಾಗಿ ಬರ್ತಿದೆ’ ಅಂದಳು. ಯಾವ ಡಾಕ್ಟರೂ ಹೇಳಿಕೊಡದೆ ಅವಳು ನೋಡುತ್ತಿದ್ದ ಪರೀಕ್ಷೆ ಅದು, ಸರಿಯಾದ ಪರೀಕ್ಷೆಯೇ. ನಲವತ್ತನೇ ದಿನ ಅರಿಶಿನ ಹಚ್ಚಿ, ಹಸಿರು ಸೀರೆ ಉಡಿಸಿ, ಕನ್ನಡಿ ತೋರಿಸಿದರು. ಆ ಮುಖ ನನ್ನದೇ ಎಂದು ಅವತ್ತು ಅನ್ನಿಸಿತು. ಅದನ್ನು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ಆಪರೇಷನ್ ಮಾಡಿಸಿಕೊಂಡಿದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ನನ್ನ ತಕರಾರು ಅದನ್ನು ಮಾಡಿದ ರೀತಿಯ ಬಗ್ಗೆ.

ನಮ್ಮ ಹಮಾಮಿನಿಂದ ಹೀಗೆ ಹೋದ ಒಬ್ಬಳು ವಾಪಸು ಬರಲಿಲ್ಲ. ಜೊತೆಗೆ ಹೋದವಳು ಒಬ್ಬಳೇ ಬಸ್ಸಿಳಿದು ಬಂದಳು. ಎಲ್ಲಿ ಕೇಳುವುದು, ಯಾರನ್ನು ಕೇಳುವುದು? ಅವಳನ್ನು ಸೇರಿಸಿಕೊಂಡಿದ್ದಕ್ಕೇ ದಾಖಲೆ ಇಲ್ಲದ ಮೇಲೆ ಅವಳು ಅಲ್ಲಿ ಸತ್ತಳು ಎನ್ನುವುದಕ್ಕೆ ದಾಖಲೆ ಎಲ್ಲಿಂದ ಬರಬೇಕು?

ನನಗೆ ತೊಂದರೆ ಶುರುವಾದದ್ದು 2001ರಲ್ಲಿ. ಮೂತ್ರ ಬರುವ ಬಾಯಿ ಗಾಯ ಮಾಗುತ್ತಾ ಕಿರಿದಾಗಿ ಹನಿ ಹನಿ ಬರತೊಡಗಿತು. ಈ ಆಪರೇಷನ್ ಆದವರಲ್ಲಿ ಆಗುವ ತೊಂದರೆಯೇ ಅದು. ಮೊದಲಿಂದ ನೋಡಿಕೊಂಡರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯುತ್ತದೆ. ಬೆಂಗಳೂರಿನ ಒಂದು ಆಸ್ಪತ್ರೆಯ ಓಪಿಡಿಗೆ ಹೋದೆ. ಚೀಟಿ ಮಾಡಿಸುವ ಕಡೆ ಗಂಡಸರಿಗೊಂದು ಸಾಲು, ಹೆಂಗಸರಿಗೊಂದು ಸಾಲು. ಗಂಡಸರ ಸಾಲಿನಲ್ಲಿ ನಗೆ, ಹೆಂಗಸರ ಸಾಲಿನಲ್ಲಿ ಜಗಳ. ಒಳಗೆ ಹೋದರೆ ಡಾಕ್ಟರು ಸೀರೆ ಎತ್ತಿಸಿ ನೋಡಿ, ತೊಂದರೆ ಕೇಳುವ ಮೊದಲು ವಿದ್ಯಾರ್ಥಿಗಳನ್ನು ಕರೆದರು. ಹನ್ನೊಂದು ಜನ. ಎಣಿಸಿದೆ, ಬೇರೆ ಏನು ಮಾಡಲೂ ತೋಚದೆ. ಅವರು ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಒಬ್ಬ ಹುಡುಗಿ ಮಾತ್ರ ತಲೆ ಬಗ್ಗಿಸಿ ನಿಂತಿದ್ದಳು. ಕೇಳದೆಯೇ ರಕ್ತ ತೆಗೆದು ಎಚ್‌ಐವಿ ಪರೀಕ್ಷೆಗೆ ಕಳಿಸಿದರು. ಏನು ಆಪರೇಷನ್ ಆಗಿದೆ, ಪೇಪರ್ ತಗೊಂಡು ಬಾ ಅಂದರು. ಪೇಪರ್ ಇಲ್ಲ ಅಂದೆ. ಹಾಗಾದರೆ ಮಾಡಿದವರ ಹತ್ತಿರವೇ ಹೋಗು ಅಂದರು.

ಹೋಗಲಿಲ್ಲ. ಇನ್ನೂ ಎರಡು ವರ್ಷ ಹಾಗೇ ತಳ್ಳಿದೆ. ಕೊನೆಗೆ ಇನ್ನೊಂದು ಕಡೆ ಒಬ್ಬ ವಯಸ್ಸಾದ ಯುರಾಲಜಿ ಡಾಕ್ಟರು, ಯಾವ ಪೇಪರೂ ಕೇಳದೆ, ಪರದೆ ಎಳೆದು ಪರೀಕ್ಷೆ ಮಾಡಿ ಸರಿಪಡಿಸಿದರು. ಅವರು ನನ್ನನ್ನು ‘ಬನ್ನಿ’ ಎಂದು ಕರೆದದ್ದು ನೆನಪಿದೆ.

ಅದೇ ಹೊತ್ತಿಗೆ, 2003ರಲ್ಲಿ, ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕದವರು ಬೆಂಗಳೂರಿನ ಕೋತಿ (ಹೆಣ್ಣುನಡೆಯ ಗಂಡಸರು) ಮತ್ತು ಹಿಜ್ರಾ ಸಮುದಾಯದ ಮೇಲಾಗುತ್ತಿದ್ದ ದೌರ್ಜನ್ಯದ ಬಗ್ಗೆ ವರದಿ ತಂದರು. 1999ರಲ್ಲಿ ಶುರುವಾದ ಸಂಗಮ ಸಂಸ್ಥೆಯಿಂದಾಗಿ ಪೊಲೀಸ್ ಸ್ಟೇಷನ್ನಿಗೆ ಜೊತೆಗೆ ಬರುವವರು ಸಿಕ್ಕಿದ್ದರು. ಆಸ್ಪತ್ರೆಗೆ ಜೊತೆಗೆ ಬರುವವರು ಸಿಕ್ಕಿದ್ದು ಎಚ್‌ಐವಿ ತಡೆಯ ಯೋಜನೆಗಳು ಬಂದ ಮೇಲೆ. ನಾನೂ ಅದರಲ್ಲಿ ಪೀರ್ ಕಾರ್ಯಕರ್ತೆಯಾಗಿ ಸೇರಿದೆ. ಕಾಂಡೋಮ್ ಹಂಚುವುದು, ಗುಪ್ತರೋಗದ ಪರೀಕ್ಷೆಗೆ ಕರೆದುಕೊಂಡು ಹೋಗುವುದು, ತಿಂಗಳ ವರದಿ ಬರೆಯುವುದು. ಆ ಯೋಜನೆಗಳು ನಮ್ಮಲ್ಲಿ ಎಷ್ಟೋ ಜನರ ಜೀವ ಉಳಿಸಿದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಾಕ್ಟರುಗಳ ಕಣ್ಣಿಗೆ ನಾವು ಸೋಂಕು ಹರಡಬಹುದಾದ ದೇಹಗಳಾಗಿಯೇ ಮೊದಲು ಕಂಡೆವು. ಮೂತ್ರ ಕಟ್ಟಿದೆ ಎಂದು ಹೋದರೂ ಎಚ್‌ಐವಿ ಪರೀಕ್ಷೆ, ಹಲ್ಲುನೋವು ಎಂದು ಹೋದರೂ ಎಚ್‌ಐವಿ ಪರೀಕ್ಷೆ. ತಿಳಿಸಿ ಒಪ್ಪಿಗೆ ಪಡೆಯದೆ ಆ ಪರೀಕ್ಷೆ ಮಾಡುವಂತಿಲ್ಲ ಎಂದು ಸಂಸತ್ತು ಕಾಯ್ದೆ ಮಾಡಿದ್ದು 2017ರಲ್ಲಿ. ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರಿನಲ್ಲಿ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ ಆರೋಗ್ಯದ ಕಲಂ ಓದಿದಾಗ ಹಳೆಯ ನೆನಪು ಬಂತು. 15ನೇ ಕಲಮಿನಲ್ಲಿ ಸರ್ಕಾರ ಮಾಡಬೇಕಾದ ಕೆಲಸಗಳಲ್ಲಿ ಮೊದಲನೆಯದು ಪ್ರತ್ಯೇಕ ಎಚ್‌ಐವಿ ಸಮೀಕ್ಷಾ ಕೇಂದ್ರ. ಶಸ್ತ್ರಚಿಕಿತ್ಸೆ, ಹಾರ್ಮೋನು, ಆಪ್ತಸಲಹೆ ಎಲ್ಲ ಅದರ ನಂತರ.

ಹಾರ್ಮೋನಿನ ಮಾತು ಬಂತು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ನಮ್ಮವರಲ್ಲಿ ಈಗಲೂ ಹೆಚ್ಚು ಜನ ಎಡವುವುದು ಇಲ್ಲೇ. ಆಗ ನಮಗೆ ಗೊತ್ತಿದ್ದ ಹಾರ್ಮೋನು ಒಂದೇ, ಮಾಲಾ-ಡಿ. ಗರ್ಭ ನಿಲ್ಲದಿರಲೆಂದು ಹೆಂಗಸರಿಗೆ ಸರ್ಕಾರ ಅಗ್ಗದ ಬೆಲೆಗೆ ಮಾರಿಸುತ್ತಿದ್ದ ಮಾತ್ರೆ. ಎದೆ ಬರುತ್ತದೆ, ಚರ್ಮ ನುಣುಪಾಗುತ್ತದೆ ಎಂದು ಹಿರಿಯರು ಹೇಳಿದ್ದಕ್ಕೆ ದಿನಕ್ಕೆ ಮೂರು ನಾಲ್ಕು ನುಂಗುತ್ತಿದ್ದೆವು. ಒಂದು ಪಟ್ಟಿಯನ್ನು ಇಬ್ಬರು ಹಂಚಿಕೊಳ್ಳುತ್ತಿದ್ದೆವು. ಅದರಲ್ಲಿರುವ ಈಸ್ಟ್ರೋಜನ್ ಬಗೆ ಬೇರೆ, ಅದು ಹೆಚ್ಚಾದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ನಾನು ವಾಂತಿ ತಡೆಯಲಾರದೆ ಎಂಟು ತಿಂಗಳಿಗೆ ಬಿಟ್ಟೆ. ಬಿಟ್ಟಿದ್ದರಿಂದ ಒಂದು ಅಪಾಯ ತಪ್ಪಿತು, ಮೂಳೆಯ ಅಪಾಯ ಶುರುವಾಯಿತು. ಎರಡನ್ನೂ ತೂಗಿ ಹೇಳುವವರು ಯಾರೂ ಇರಲಿಲ್ಲ.

ಈಗ ತಿಳಿದ ಡಾಕ್ಟರ ಹತ್ತಿರ ಹೋದರೆ ಎಸ್ಟ್ರಾಡಯಾಲ್ ಕೊಡುತ್ತಾರೆ, ಗಂಡು ಹಾರ್ಮೋನು ತಗ್ಗಿಸಲು ಇನ್ನೊಂದು ಮಾತ್ರೆ ಕೊಡುತ್ತಾರೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಸ್ಪೈರನೊಲ್ಯಾಕ್ಟೋನ್ ತೆಗೆದುಕೊಳ್ಳುವವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದೆಯೇ ಎಂದು ನೋಡುತ್ತಾರೆ. ಟ್ರಾನ್ಸ್ ಗಂಡಸರಿಗೆ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಕೊಡುವಾಗ ರಕ್ತ ಗಟ್ಟಿಯಾಗುತ್ತಿದೆಯೇ ಎಂದು ನೋಡುತ್ತಾರೆ. ಇಷ್ಟು ಬದಲಾಗಿದೆ, ನಿಜವಾಗಿ ಬದಲಾಗಿದೆ. ಆದರೆ ಇಂಥ ಡಾಕ್ಟರುಗಳು ಬೆಂಗಳೂರಿನಲ್ಲಿ ಬೆರಳೆಣಿಕೆಯಷ್ಟು. ರಾಯಚೂರು, ಕೊಪ್ಪಳದ ಕಡೆಯಿಂದ ನನಗೆ ಫೋನ್ ಮಾಡುವ ಮಕ್ಕಳು ಯೂಟ್ಯೂಬ್ ನೋಡಿ, ಮೆಡಿಕಲ್ ಶಾಪಿನವನ ದಯದಲ್ಲಿ ನುಂಗುತ್ತಿದ್ದಾರೆ. ಮಾಲಾ-ಡಿ ಹೋಗಿ ಬೇರೆ ಹೆಸರು ಬಂದಿದೆ ಅಷ್ಟೆ. ಹೈದರಾಬಾದಿನಲ್ಲಿ 2021ರಲ್ಲಿ ತೆರೆದ ಮಿತ್ರ್ ಕ್ಲಿನಿಕ್ಕಿನಲ್ಲಿ ನಮ್ಮವರೇ ಕೆಲಸಕ್ಕಿದ್ದರು. ಅಮೆರಿಕದ ನೆರವು ನಿಂತದ್ದೇ ತಡ, 2025ರ ಆರಂಭದಲ್ಲಿ ಅದು ಬಾಗಿಲು ಹಾಕಿತು. ಹೊರದೇಶದ ದುಡ್ಡಿನಲ್ಲಿ ನಡೆಯುವ ಆರೋಗ್ಯಕ್ಕೆ ಅಷ್ಟೇ ಆಯುಸ್ಸು. ಸರ್ಕಾರಿ ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನ, ಒಬ್ಬ ಡಾಕ್ಟರು ಕೂತರೆ ಸಾಕು ಎಂದು ನಾವು ಕೇಳುತ್ತಿರುವುದು ಅದಕ್ಕೇ. ತಮಿಳುನಾಡಿನಲ್ಲಿ 2008ರಲ್ಲೇ ನಮ್ಮವರಿಗಾಗಿ ಕಲ್ಯಾಣ ಮಂಡಳಿ ರಚನೆಯಾಯಿತು, ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ಹಣವಿಲ್ಲದೆ ಆಪರೇಷನ್ ಮಾಡತೊಡಗಿದರು. ಪಕ್ಕದ ರಾಜ್ಯಕ್ಕೆ ಆಗ ಸಾಧ್ಯವಾದದ್ದು ನಮಗೆ ಯಾಕೆ ಸಾಧ್ಯವಾಗಲಿಲ್ಲ?

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಮ್ಮ ಹಕ್ಕುಗಳ ನಾಲ್ಸಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ನ್ಯಾಯಮೂರ್ತಿಗಳು ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ. ತಾನು ಯಾರು ಎಂದು ಹೇಳಿಕೊಳ್ಳುವುದು ಆಯಾ ವ್ಯಕ್ತಿಗೆ ಸೇರಿದ್ದು, ಅದಕ್ಕೆ ಆಪರೇಷನ್ ಆಗಿರಲೇಬೇಕು ಎನ್ನುವುದು ಕಾನೂನುಬಾಹಿರ, ಅನೈತಿಕ ಎಂದಿತು. ಆಸ್ಪತ್ರೆಗಳಲ್ಲಿ ನಮಗೆ ಚಿಕಿತ್ಸೆ ಸಿಗುವಂತೆ ಕೇಂದ್ರ, ರಾಜ್ಯ ಸರ್ಕಾರಗಳು ಕ್ರಮ ತೆಗೆದುಕೊಳ್ಳಬೇಕು ಎಂದೂ ಹೇಳಿತು. ಆ ಸಂಜೆ ಕಬ್ಬನ್ ಪಾರ್ಕಿನಲ್ಲಿ ನಾವು ಏಳೆಂಟು ಜನ ಕೂತು ಕನ್ನಡದಲ್ಲಿ ಓದಿ ಹೇಳಿಸಿಕೊಂಡೆವು. ಅಮ್ಮ ಆಗಲೇ ತೀರಿಕೊಂಡಿದ್ದಳು. ಆಪರೇಷನ್ ಬೇಡದವಳೂ ಹೆಣ್ಣೇ ಎಂದು ಕೋರ್ಟು ಹೇಳಿದೆ ಎಂದರೆ ಅವಳು ಏನನ್ನುತ್ತಿದ್ದಳೋ ಎಂದು ಯೋಚಿಸಿದೆ.

ಹೊರಗಿನ ಗೌರವ ಈ ವರ್ಷಗಳಲ್ಲಿ ಬೇಗ ಬೇಗ ಬಂತು. ನಮ್ಮದೇ ಸಮುದಾಯದ ಲೇಖಕಿ ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು, ಅದು ರಂಗದ ಮೇಲೂ ಬಂತು. ನಿರ್ವಾಣದ ಮಾತನ್ನು ಅಚ್ಚಿನಲ್ಲಿ ನಾನು ಓದಿದ್ದು ಅಲ್ಲಿಯೇ ಮೊದಲು. ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷ ಕರ್ನಾಟಕ ಸರ್ಕಾರಿ ಉದ್ಯೋಗದಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. ನನಗೆ ಇವೆಲ್ಲ ದೊಡ್ಡ ಸಂತೋಷ. ಆಸ್ಪತ್ರೆಯ ಬಾಗಿಲು ಮಾತ್ರ ಅಷ್ಟು ಬೇಗ ತೆರೆಯಲಿಲ್ಲ. ಅದೇ 2021ರ ಜುಲೈಯಲ್ಲಿ ಕೊಚ್ಚಿಯಲ್ಲಿ ಅನನ್ಯಾ ಕುಮಾರಿ ಅಲೆಕ್ಸ್ ತೀರಿಕೊಂಡರು. ಕೇರಳದ ಮೊದಲ ಟ್ರಾನ್ಸ್‌ಜೆಂಡರ್ ರೇಡಿಯೋ ಜಾಕಿ. ಆಪರೇಷನ್ ಆಗಿ ವರ್ಷವಾದರೂ ನೋವು ಹೋಗಿಲ್ಲ, ಹೆಚ್ಚು ಹೊತ್ತು ನಿಂತು ಕೆಲಸ ಮಾಡಲು ಆಗುತ್ತಿಲ್ಲ ಎಂದು ಅವರು ಬಹಿರಂಗವಾಗಿ ಹೇಳಿಕೊಂಡಿದ್ದರು. ಸುದ್ದಿ ಬಂದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಬಸ್ಸಿಳಿದು ಒಬ್ಬಳೇ ಬಂದವಳ ಮುಖ ಕಣ್ಣ ಮುಂದೆ ಇತ್ತು.

2023ರಲ್ಲಿ ಒಬ್ಬ ಹುಡುಗನ ಜೊತೆ ಆಸ್ಪತ್ರೆಗೆ ಓಡಾಡಿದೆ. ಹಾಸನದ ಕಡೆಯವನು, 26 ವರ್ಷ, ಹುಟ್ಟಿದಾಗ ಹೆಣ್ಣೆಂದು ಬರೆಸಿದ್ದರು. ಎದೆಯ ಆಪರೇಷನ್ ಆಗಬೇಕಿತ್ತು. ಬಿಗಿಯಾಗಿ ಬಟ್ಟೆ ಸುತ್ತಿ ಸುತ್ತಿ ಪಕ್ಕೆಲುಬಿನ ಮೇಲೆ ಕಪ್ಪು ಗೆರೆ ಬಿದ್ದಿತ್ತು. ನನ್ನನ್ನು ಅಮ್ಮ ಅನ್ನುತ್ತಾನೆ.

ನನ್ನ ಕಾಲದಲ್ಲಿ ಪೇಪರೇ ಇರಲಿಲ್ಲ, ಅವನ ಕಾಲದಲ್ಲಿ ಪೇಪರಿನದೇ ರಾಶಿ. ಮನೋವೈದ್ಯರ ಪತ್ರ ಬೇಕು. ಒಂದಲ್ಲ, ಎರಡು. ಹಾರ್ಮೋನು ಡಾಕ್ಟರ ಪತ್ರ ಬೇಕು. ಜಿಲ್ಲಾಧಿಕಾರಿಯ ಪ್ರಮಾಣಪತ್ರ ಬೇಕು. ಅದನ್ನು 2020ರ ನಿಯಮಗಳ ಪ್ರಕಾರ ಪೋರ್ಟಲಿನಲ್ಲಿ ಅರ್ಜಿ ಹಾಕಿ, ದೈಹಿಕ ಪರೀಕ್ಷೆ ಇಲ್ಲದೆಯೇ ಪಡೆದುಕೊಂಡಿದ್ದ. ಅಫಿಡವಿಟ್ ಬೇಕು. ಇಷ್ಟೆಲ್ಲ ಕೂಡಿಸಲು ಹನ್ನೊಂದು ತಿಂಗಳು. ಮನೋವೈದ್ಯರ ಪತ್ರದ ಮೇಲೆ ಎಫ್ 64.0 ಎಂಬ ಸಂಕೇತ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ ಅದು ಮಾನಸಿಕ ಕಾಯಿಲೆಗಳ ಅಧ್ಯಾಯಕ್ಕೆ ಸೇರಿದ್ದು. 2022ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ನಮ್ಮನ್ನು ಆ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿದ್ದಾರೆ. ಪತ್ರ ಬರೆದದ್ದು 2023ರಲ್ಲಿ, ಸಂಕೇತ ಮಾತ್ರ ಹಳೆಯದು.

ಇಷ್ಟಾದ ಮೇಲೂ ಆ ಖಾಸಗಿ ಆಸ್ಪತ್ರೆಯವರು ಅಪ್ಪ ಅಮ್ಮನ ಸಹಿ ಕೇಳಿದರು. ಇಪ್ಪತ್ತಾರು ವರ್ಷದವನಿಗೆ! ವಯಸ್ಸಿಗೆ ಬಂದವನ ದೇಹಕ್ಕೆ ಅವನದೇ ಒಪ್ಪಿಗೆ ಬೇಕು, ಬೇರೆಯವರದು ಸಾಲದು ಎಂದು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಅಲ್ಲಿ ಅರಿವಳಿಕೆಯಲ್ಲಿದ್ದ ಹೆಣ್ಣುಮಗಳ ಬದಲು ಅವಳ ತಾಯಿಯಿಂದ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ಮನೆಯಿಂದ ಹೊರಹಾಕಿಸಿಕೊಂಡ ಮಕ್ಕಳಿಗೆ ಅಪ್ಪನ ಸಹಿ ತಾ ಎನ್ನುವುದು, ಬರಬೇಡ ಎನ್ನುವುದಕ್ಕೆ ಇನ್ನೊಂದು ಹೆಸರು. ಹುಡುಗ ಬಗ್ಗಲಿಲ್ಲ. ತೀರ್ಪಿನ ಹೆಸರು ಬರೆದು ಪತ್ರ ಕೊಟ್ಟ. ನಾಲ್ಕು ದಿನದ ಮೇಲೆ ಬೇಡ ಅಂದರು.

ದುಡ್ಡಿನ ಕೌಂಟರಿನಲ್ಲಿ ಇನ್ನೊಂದು. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಅಡಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವಿಮೆ, ಆಪರೇಷನ್ನೂ ಸೇರಿ, ಎಂದು ಪ್ರಕಟಿಸಿತ್ತು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ ‘ಆ ಪ್ಯಾಕೇಜ್ ನಮ್ಮಲ್ಲಿ ಬರಲ್ಲ ಆಂಟಿ’ ಅಂದಳು. ಅವಳದೇನೂ ತಪ್ಪಿಲ್ಲ. ಹುಡುಗ ಒಂದೂವರೆ ಲಕ್ಷವನ್ನು ಸಾಲ ಮಾಡಿಯೇ ಕಟ್ಟಿದ.

ಆಪರೇಷನ್ನಿನ ಹಿಂದಿನ ಸಂಜೆ ಒಪ್ಪಿಗೆಯ ಫಾರಂ ತಂದರು. ಆರು ಪುಟ, ಪೂರ್ತಿ ಇಂಗ್ಲಿಷು, ಸಹಿ ಮಾಡುವ ಕಡೆ ಪೆನ್ಸಿಲಿನಲ್ಲಿ ಗುಣಾಕಾರದ ಗುರುತು. ಡಿಗ್ರಿ ಓದಿದ ಹುಡುಗ, ಆದರೂ ‘ಕನ್ನಡದಲ್ಲಿ ಹೇಳಿ ಸರ್, ನಮ್ಮಮ್ಮನಿಗೂ ಅರ್ಥ ಆಗಬೇಕು’ ಅಂದ. ಅಮ್ಮ ಅಂದರೆ ನಾನು. ಬಂದಿದ್ದ ಕಿರಿಯ ಡಾಕ್ಟರಿಗೆ ಮುಜುಗರವಾಯಿತು. ಆದರೆ ಕುರ್ಚಿ ಎಳೆದುಕೊಂಡು ಕೂತ. ಹುಡುಗ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದ, ಹಿಂದಿನ ರಾತ್ರಿ ಬರೆದುಕೊಂಡ ಪ್ರಶ್ನೆಗಳಿದ್ದವು. ಮೊಲೆತೊಟ್ಟಿನ ಸ್ಪರ್ಶ ಉಳಿಯುತ್ತದಾ? ರಕ್ತ ಕಟ್ಟಿಕೊಂಡರೆ ಮತ್ತೆ ಥಿಯೇಟರಿಗೆ ಒಯ್ಯುತ್ತೀರಾ, ಅದಕ್ಕೆ ಬೇರೆ ದುಡ್ಡಾ? ಡ್ರೈನ್ ಪೈಪು ಎಷ್ಟು ದಿನ? ಟೆಸ್ಟೋಸ್ಟಿರಾನ್ ನಿಲ್ಲಿಸಬೇಕಾ? ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸುತ್ತೀರಾ? ನನ್ನನ್ನು ಯಾವ ವಾರ್ಡಿಗೆ ಹಾಕುತ್ತೀರಿ? ಡಾಕ್ಟರು ಒಂದೊಂದಕ್ಕೂ ಉತ್ತರ ಹೇಳಿದ. ಗೊತ್ತಿಲ್ಲದ ಎರಡಕ್ಕೆ ಹಿರಿಯರಿಗೆ ಫೋನ್ ಮಾಡಿ ಕೇಳಿದ. ಮುಕ್ಕಾಲು ಗಂಟೆ ಹಿಡಿಯಿತು. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದೆ. ನನ್ನ ಅರ್ಧ ಗಂಟೆಯ ಆಪರೇಷನ್ನಿಗಿಂತ ಅವನ ಒಪ್ಪಿಗೆಗೆ ಹೆಚ್ಚು ಹೊತ್ತು ಹಿಡಿಯಿತು. ಆಗಿನದಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ನಾನು ಆ ಮುಕ್ಕಾಲು ಗಂಟೆಯನ್ನು ತೋರಿಸುತ್ತೇನೆ. ಅದು ಕಾಯ್ದೆ ಬಂದದ್ದರಿಂದ ತಾನಾಗಿ ಸಿಕ್ಕಿದ್ದಲ್ಲ. ಅವನು ಕೇಳಿದ್ದಕ್ಕೆ ಸಿಕ್ಕಿತು.

ಆಪರೇಷನ್ ಚೆನ್ನಾಗಿ ಆಯಿತು. ನರ್ಸುಗಳು ಅವನ ಹೊಸ ಹೆಸರು ಹಿಡಿದೇ ಕರೆದರು, ಒಬ್ಬ ಬ್ರದರ್ ಮಾತ್ರ ಮೊದಲ ದಿನ ತಪ್ಪಿ, ಮರುದಿನ ತಾನೇ ತಿದ್ದಿಕೊಂಡ. ಮೂರನೇ ದಿನ ಡಿಸ್ಚಾರ್ಜು. ಕೈಗೆ ಬಂದದ್ದು ಬಿಲ್ಲು ಮತ್ತು ಒಂದು ಹಾಳೆಯ ಸಮ್ಮರಿ. ಯಾವ ಬಗೆಯ ಆಪರೇಷನ್, ಎಷ್ಟು ತೂಕದ ಅಂಗಾಂಶ ತೆಗೆದರು, ಯಾವ ಅರಿವಳಿಕೆ ಕೊಟ್ಟರು, ಒಂದೂ ಅದರಲ್ಲಿಲ್ಲ. ಹುಡುಗ ಮನೆಗೆ ಹೋಗುವ ಆತುರದಲ್ಲಿದ್ದ. ನಾನು ಬಿಡಲಿಲ್ಲ. ಹನ್ನೊಂದು ತಿಂಗಳು ಇವನು ಆಸ್ಪತ್ರೆಗೆ ಪೇಪರ್ ಹೊತ್ತದ್ದಾಯಿತು, ಈಗ ಆಸ್ಪತ್ರೆ ಇವನಿಗೆ ಕೊಡಲಿ ಎಂದು ಅಲ್ಲೇ ಕೂತೆ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಅರ್ಜಿ ಬರೆಸಿದೆ. ಮೆಡಿಕಲ್ ರೆಕಾರ್ಡ್ಸ್ ವಿಭಾಗದವರು ಅದೆಲ್ಲ ಪೇಷೆಂಟಿಗೆ ಕೊಡಲ್ಲ ಅಂದರು. ಕೊಡಬೇಕು. ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲೇ ಇದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು, ದಾಖಲೆಯನ್ನು 3 ವರ್ಷ ಕಾಪಾಡಬೇಕು. ಖಾಸಗಿ ಆಸ್ಪತ್ರೆಗಳ ಬಗ್ಗೆ ನಮ್ಮ ರಾಜ್ಯದ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ, ಡಾಕ್ಟರುಗಳು ಮುಷ್ಕರ ಹೂಡಿ ಓಪಿಡಿಗಳು ಬಾಗಿಲು ಹಾಕಿದ್ದು ಎಲ್ಲರಿಗೂ ನೆನಪಿರಬಹುದು. ಆ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳ ಸನ್ನದು ಸೇರಿಕೊಂಡಿದೆ. ಆ ಆಸ್ಪತ್ರೆಯ ಲಿಫ್ಟಿನ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಅದನ್ನು ತೂಗುಹಾಕಿಯೂ ಇದ್ದರು. ಹುಡುಗ ಆ ಬೋರ್ಡಿನ ಫೋಟೋ ತೆಗೆದು ಅವರಿಗೇ ತೋರಿಸಿದ. ಎರಡನೇ ದಿನ ಸಂಜೆ ಕೇಸ್ ಶೀಟಿನ ಪೂರ್ತಿ ಜೆರಾಕ್ಸ್ ಸಿಕ್ಕಿತು, 64 ಪುಟ.

ಅವನು ಅದನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟುಕೊಂಡಿದ್ದಾನೆ. ಇಪ್ಪತ್ತೆರಡು ವರ್ಷದ ಮೇಲೆ ಯಾವ ಊರಿನಲ್ಲಿ ಯಾವ ಡಾಕ್ಟರು ಏನಾಗಿದೆ ನಿಮಗೆ ಎಂದು ಕೇಳಿದರೂ ತೆಗೆದು ತೋರಿಸಬಲ್ಲ. ನನ್ನ ಫೈಲಿನಲ್ಲಿ ಆಪರೇಷನ್ನಿಗೆ ಸಂಬಂಧಿಸಿ ಇರುವುದು ಒಂದೇ ಹಾಳೆ. 2019ರಲ್ಲಿ ಮೂಳೆ ಡಾಕ್ಟರು ಬರೆದದ್ದು, ‘ಹಿಂದಿನ ಶಸ್ತ್ರಚಿಕಿತ್ಸೆಯ ದಾಖಲೆ ಲಭ್ಯವಿಲ್ಲ’ ಎಂದು. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ 7ನೇ ಕಲಮಿನಡಿ ಹೆಣ್ಣು ಎಂದು ಪ್ರಮಾಣಪತ್ರ ಬದಲಿಸಿಕೊಳ್ಳಲು ಆಪರೇಷನ್ ಮಾಡಿದ ಆಸ್ಪತ್ರೆಯ ಮುಖ್ಯಸ್ಥರ ಪತ್ರ ಬೇಕು. ನನಗೆ ಆ ಪತ್ರ ಕೊಡುವವರು ಯಾರೂ ಇಲ್ಲ. ನನ್ನ ಹಾಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದವರು ಈ ಊರಿನಲ್ಲಿ ನೂರಾರು ಜನ ಇದ್ದಾರೆ, ಈಗ ಐವತ್ತು ಅರವತ್ತರ ಪ್ರಾಯ. ನೋವಿಲ್ಲದಿದ್ದರೂ ಒಂದು ಸಲ ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿಕೊಳ್ಳಿ, ಹಾರ್ಮೋನು ಮತ್ತೆ ಶುರುಮಾಡಬಹುದೇ ಎಂದು ತಿಳಿದವರನ್ನು ಕೇಳಿ. ನಾನು ಮಾಡಿಸಿಕೊಂಡು, ಈಗ ಔಷಧಿಯಲ್ಲಿದ್ದೇನೆ.

ಇನ್ನು, ಈ ತಿಂಗಳು, ಮುಂದಿನ ತಿಂಗಳು ಆಪರೇಷನ್ನಿಗೆ ಹೊರಟಿರುವ ಮಕ್ಕಳೇ, ಡಿಸ್ಚಾರ್ಜ್ ದಿನ ಆಟೋ ಕರೆಯುವ ಮೊದಲು ಕೇಸ್ ಶೀಟಿನ ಪ್ರತಿಗೆ ಅರ್ಜಿ ಕೊಡಿ. ತಾರೀಖು ಹಾಕಿ. ಇನ್‌ವರ್ಡ್ ಸೀಲು ಹಾಕಿಸಿಕೊಂಡು ಒಂದು ಪ್ರತಿಯನ್ನು ಕೈಯಲ್ಲಿ ಇಟ್ಟುಕೊಳ್ಳಿ. ಅವರಿಗೆ ಇರುವುದು 72 ಗಂಟೆ.